ವಿಮಾನದ ಚುಕ್ಕಾಣಿಯೂ ಅದರ ಅನುಕರಣವೂ

೧

ಚುಕ್ಕಾಣಿ ಎಂಬ ಶಬ್ದವು ಕನ್ನಡಕ್ಕೆ ಕಡಲಿನ ದಾರಿಯಿಂದ ಬಂದುದು. ಅರಬ್ಬೀ ಭಾಷೆಯ ‘ಸುಕ್ಕಾನ್’ ಎಂಬುದು ಮರಾಠಿಯಲ್ಲಿ ‘ಸುಕಾಣೂ’ ಎಂದೂ, ತಮಿಳಿನಲ್ಲಿ ‘ಸುಕ್ಕಾನ್’ ಎಂದೂ, ಕನ್ನಡದಲ್ಲಿ ‘ಚುಕ್ಕಾಣಿ’ ಎಂದೂ ನೆಲೆಗೊಂಡಿತು. ಹಡಗಿನ ಹಿಂಭಾಗದಲ್ಲಿ ನೀರಿನೊಳಕ್ಕೆ ಇಳಿಬಿಟ್ಟ ಹಲಗೆಯನ್ನು ಯಾವ ಕಡೆಗೆ ಹೊರಳಿಸಿದರೆ ಹಡಗಿನ ಮೂತಿಯು ಆ ಕಡೆಗೆ ತಿರುಗುವುದು. ಈ ಒಂದು ಗುಣದಿಂದಲೇ ಆ ಶಬ್ದಕ್ಕೆ ಲಾಕ್ಷಣಿಕವಾದ ಅರ್ಥವೂ ಒದಗಿತು. ರಾಜ್ಯದ ಚುಕ್ಕಾಣಿ, ಸಂಸ್ಥೆಯ ಚುಕ್ಕಾಣಿ, ಸಂಸಾರದ ಚುಕ್ಕಾಣಿ ಎಂದು ಹೇಳುವಾಗ, ಅದನ್ನು ಹಿಡಿದವನ ಇಚ್ಛೆಯಂತೆ ಇಡಿಯ ವಸ್ತುವು ತಿರುಗುತ್ತದೆ ಎಂಬುದೇ ತಾತ್ಪರ್ಯವಾಗಿರುವುದು.

ಒಳನಾಡಿನ ಕನ್ನಡಿಗರಿಗೆ ಈ ಶಬ್ದವು ಪರಿಚಿತವಾದಷ್ಟು ವಸ್ತುವು ಪರಿಚಿತವಲ್ಲ. ಕೃಷ್ಣೆ ತುಂಗಭದ್ರೆಗಳಲ್ಲಿ ತೇಲುವ ಹರಿಗೋಲು ದುಂಡಗಿನದು. ಅದಕ್ಕೆ ಮುಂದು ಹಿಂದು ಎಂಬುದಿಲ್ಲ. ಆದುದರಿಂದ ಚುಕ್ಕಾಣಿಯೂ ಇಲ್ಲ. ಅಂಬಿಗನು ಹುಟ್ಟು ಹಾಕುತ್ತಲೇ ಅದನ್ನು ದಾರಿಗೆ ತರಬೇಕು. ಹುಟ್ಟು ನಿಂತಿತೆಂದರೆ ಹರಿಗೋಲು ಸೆಳವಿಗೆ ಸಿಕ್ಕಿ ತನ್ನ ಸುತ್ತ ತಾನೇ ತಿರುಗತೊಡಗುವುದು. ವಿಜಯಪುರ ಜಿಲ್ಲೆಯ ಉತ್ತರದ ಅಂಚಿನಲ್ಲಿ, ಭೀಮೆಯ ಈಚೆಯ ಸೀಮೆಯಲ್ಲಿರುವ ಚಡಚಣದಂಥ ಊರಿನಿಂದ ಕಡಲು ಬಹು ದೂರ. ಹಡಗಿನ ಚುಕ್ಕಾಣಿಯನ್ನು ಕಣ್ಣಿಂದ ಕಂಡವರು ಅಲ್ಲಿ ವಿರಳ. ಆದರೆ ಗಣಕಯಂತ್ರದ ತೆರೆಯ ಮೇಲೆ ವಿಮಾನವನ್ನು ಹಾರಿಸುವ ಆಟವು ಈಗ ಅಂಥ ಊರುಗಳನ್ನೂ ಮುಟ್ಟಬಲ್ಲದಾಗಿದೆ. ಹೀಗೆ ಹಡಗಿನ ಚುಕ್ಕಾಣಿಯನ್ನು ಕಾಣದೆಯೇ ವಿಮಾನದ ಚುಕ್ಕಾಣಿಯ ಅನುಕರಣವನ್ನು ಕಾಣುವ ವಿಚಿತ್ರ ಸಂದರ್ಭವು ಒದಗಿದೆ.

ವಿಮಾನದ ನಿಂತ ಬಾಲಕ್ಕೆ ಕೀಲಿನಿಂದ ಜೋಡಿಸಿದ ಪಟ್ಟಿಗೂ ಕನ್ನಡದಲ್ಲಿ ಚುಕ್ಕಾಣಿಯೆಂದೇ ಹೆಸರು. ಹೆಸರು ಒಂದೇ ಆದರೂ ಕೆಲಸವು ಒಂದೇ ಅಲ್ಲ. ಈ ಭೇದವನ್ನು ಕಂಡುಕೊಳ್ಳಲು ವಿಮಾನವನ್ನು ನಿರ್ಮಿಸಿದವರಿಗೆ ಕೆಲವು ವರ್ಷಗಳು ಹಿಡಿದುವು. ಅದನ್ನು ನೆಲದ ಮೇಲಿನ ಯಂತ್ರದಲ್ಲಿ ಯಥಾವತ್ತಾಗಿ ಅನುಕರಿಸಲು ಅದಕ್ಕಿಂತಲೂ ಹೆಚ್ಚು ಕಾಲ ಹಿಡಿದಿದೆ. ಅನುಕರಣವು ತಪ್ಪಿದಲ್ಲಿ ಪ್ರಾಣಹಾನಿಯೂ ಆಗಿದೆ. ಈ ಚರಿತ್ರೆಯಲ್ಲಿ ಬೆಂಗಳೂರಿಗೆ ಸಲ್ಲುವ ಭಾಗವು ಸಣ್ಣದಲ್ಲ. ಅದನ್ನು ಕ್ರಮವಾಗಿ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶವು.

೨

ಅಮೆರಿಕದ ವಿಲ್ಬರ್ ರೈಟ್ ಮತ್ತು ಆರ್ವಿಲ್ ರೈಟ್ ಸಹೋದರರು ೧೯೦೦ ಮತ್ತು ೧೯೦೧ರಲ್ಲಿ ಕಟ್ಟಿದ ಗ್ಲೈಡರುಗಳಿಗೆ ನಿಂತ ಬಾಲವೇ ಇರಲಿಲ್ಲ. ರೆಕ್ಕೆಗಳ ತುದಿಯನ್ನು ತಿರುಚಿ ಒಂದು ಪಕ್ಕಕ್ಕೆ ವಾಲಿಸಿದರೆ ವಿಮಾನವು ಆ ಪಕ್ಕಕ್ಕೆ ತಿರುಗುವುದೆಂದು ಅವರು ಎಣಿಸಿದ್ದರು. ಈ ಎಣಿಕೆಯು ತತ್ತ್ವತಃ ಸರಿಯಾದುದೇ. ತಿರುವಿನಲ್ಲಿ ಸೈಕಲ್ ಸವಾರನು ಒಳಗಡೆಗೆ ವಾಲುವಂತೆ ವಿಮಾನವೂ ವಾಲಬೇಕು. ರೆಕ್ಕೆಯ ಎತ್ತುವ ಬಲವು ಆಗ ಓರೆಯಾಗಿ, ಅದರ ಒಂದಂಶವು ವಿಮಾನವನ್ನು ಪಕ್ಕಕ್ಕೆ ಎಳೆಯುವುದು. ವಿಮಾನವನ್ನು ನಿಜವಾಗಿ ತಿರುಗಿಸತಕ್ಕದ್ದು ರೆಕ್ಕೆಯೇ ಹೊರತು ಬಾಲವಲ್ಲ.

ಆದರೆ ೧೯೦೧ರ ಪ್ರಯೋಗಗಳಲ್ಲಿ ಗ್ಲೈಡರು ವಾಲಿದ ಕಡೆಗೆ ತಿರುಗುವುದನ್ನು ಬಿಟ್ಟು ಕೆಲವು ಸಲ ಎದುರು ದಿಕ್ಕಿಗೆ ಮೂತಿಯನ್ನು ಹೊರಳಿಸಿತು. ಇದರ ಕಾರಣವೇನೆಂದರೆ, ಮೇಲಕ್ಕೇಳುವ ರೆಕ್ಕೆಗೆ ಎತ್ತುವ ಬಲವು ಹೆಚ್ಚಿದಂತೆ ಗಾಳಿಯ ತಡೆಯೂ ಹೆಚ್ಚುವುದು. ಆ ತಡೆಯು ರೆಕ್ಕೆಯನ್ನು ಹಿಂದಕ್ಕೆ ಜಗ್ಗುವುದು. ಅದರೊಡನೆ ಮೂತಿಯೂ ತಿರುವಿನ ಹೊರಗಡೆಗೆ ಸರಿಯುವುದು. ೧೯೦೨ರ ಗ್ಲೈಡರಿಗೆ ಅವರು ಅಲುಗಾಡದ ಎರಡು ನಿಂತ ಬಾಲಗಳನ್ನು ಜೋಡಿಸಿದರು. ಕೆಲವು ವೇಳೆ ಇದು ನೆರವಾಯಿತು. ಬೇರೆ ಕೆಲವು ವೇಳೆ, ಗ್ಲೈಡರು ಪಕ್ಕಕ್ಕೆ ಜಾರುವಾಗ, ಗಾಳಿಯು ಆ ಬಾಲಕ್ಕೆ ಬಡಿದು ಕೆಳಗಿನ ರೆಕ್ಕೆಯು ಇನ್ನಷ್ಟು ಇಳಿದು ನೆಲವನ್ನು ಕೆರೆಯಿತು. ಇದನ್ನು ಅವರು ಬಾವಿ ತೋಡುವುದೆಂದು ಹಾಸ್ಯವಾಗಿ ಕರೆಯುತ್ತಿದ್ದರು. ಬಾಲವನ್ನು ಚಲಿಸುವಂತೆ ಮಾಡಬೇಕೆಂಬುದು ಆರ್ವಿಲನ ಸೂಚನೆ. ಅದನ್ನು ರೆಕ್ಕೆ ತಿರುಚುವ ತಂತಿಗಳಿಗೇ ಸೇರಿಸಬೇಕೆಂಬುದು ವಿಲ್ಬರನ ಸೂಚನೆ. ೧೯೦೩ನೆಯ ದಶಂಬರ ೧೭ರಂದು ಇಂಜಿನಿನ ಬಲದಿಂದ ಹಾರಿದ ಯಂತ್ರದಲ್ಲಿಯೂ ಇದೇ ಏರ್ಪಾಡು ಇದ್ದಿತು. ೧೯೦೫ರಲ್ಲಿ ಅವರು ಚುಕ್ಕಾಣಿಯನ್ನು ರೆಕ್ಕೆಯ ತಂತಿಗಳಿಂದ ಬಿಡಿಸಿ, ಅದಕ್ಕೆ ಬೇರೆಯ ಹಿಡಿಯನ್ನು ಕೊಟ್ಟರು.

ಹೀಗೆ ವಿಮಾನದ ಚುಕ್ಕಾಣಿಯು ಹುಟ್ಟಿದ್ದೇ ತಿರುಗಿಸುವುದಕ್ಕಾಗಿ ಅಲ್ಲ, ತಪ್ಪಾಗಿ ತಿರುಗುವುದನ್ನು ತಡೆಯುವುದಕ್ಕಾಗಿ. ಗಾಳಿಪಟಕ್ಕೆ ಬಾಲಂಗೋಚಿಯು ಹೇಗೋ ಬಾಣಕ್ಕೆ ಗರಿಯು ಹೇಗೋ ವಿಮಾನಕ್ಕೆ ನಿಂತ ಬಾಲವು ಹಾಗೆ. ಚುಕ್ಕಾಣಿಯು ಆ ಬಾಲದ ಚಲಿಸುವ ಅಂಶವು. ರೆಕ್ಕೆಯನ್ನು ತಿರುಚುವ ಬದಲು ಅದರ ಹಿಂದಿನ ಅಂಚಿಗೆ ಕೀಲುಪಟ್ಟಿಗಳನ್ನು, ಎಂದರೆ ಐಲೆರಾನುಗಳನ್ನು, ಜೋಡಿಸುವ ಪದ್ಧತಿಯು ಮುಂದೆ ರೂಢಿಗೆ ಬಂದರೂ ಈ ಸಂಬಂಧವು ಬದಲಾಗಲಿಲ್ಲ. ವಾಲಿಸುವುದು ಕೈಯ ಕೆಲಸ, ಮೂತಿಯನ್ನು ನೆಟ್ಟಗಿಡುವುದು ಪಾದಗಳ ಕೆಲಸ ಎಂದು ವೈಮಾನಿಕರಲ್ಲಿ ವಿಭಾಗವಾಯಿತು.

೩

ಚುಕ್ಕಾಣಿಗೆ ಇನ್ನೊಂದು ಕೆಲಸವುಂಟು. ಅದು ಪ್ರಾಣರಕ್ಷಣೆಯ ಕೆಲಸ. ವೇಗವು ತಗ್ಗಿ ಮೂತಿಯು ಅತಿಯಾಗಿ ಮೇಲಕ್ಕೆದ್ದಾಗ ಗಾಳಿಯು ರೆಕ್ಕೆಯ ಮೇಲ್ಮೈಯನ್ನು ಬಿಟ್ಟು ಚದರುವುದು. ಎತ್ತುವ ಬಲವು ಕುಸಿಯುವುದು. ಇದಕ್ಕೆ ಸ್ಟಾಲ್ ಎಂದು ಹೆಸರು. ಒಂದು ರೆಕ್ಕೆಯು ಇನ್ನೊಂದಕ್ಕಿಂತ ಹೆಚ್ಚಾಗಿ ಹೀಗೆ ಕುಸಿದರೆ ವಿಮಾನವು ಆ ಕಡೆಗೆ ಉರುಳಿ, ಮೂತಿಯನ್ನು ಕೆಳಕ್ಕೆ ಮಾಡಿ, ಹುಟ್ಟು ಕಳೆದ ಹರಿಗೋಲಿನಂತೆ ಗಿರಕಿ ಹೊಡೆಯುತ್ತ ಇಳಿಯತೊಡಗುವುದು.

ಆದಿಕಾಲದಲ್ಲಿ ಈ ಗಿರಕಿಗೆ ಸಿಕ್ಕಿದವರು ಬದುಕಿ ಬರುತ್ತಿದ್ದುದು ಅಪೂರ್ವ. ೧೯೧೨ನೆಯ ಆಗಸ್ಟ್ ತಿಂಗಳಿನಲ್ಲಿ ವಿಲ್ಫ್ರೆಡ್ ಪಾರ್ಕ್ ಎಂಬ ಆಂಗ್ಲ ನೌಕಾಧಿಕಾರಿಯು ಲಾರ್ಕ್‌ಹಿಲ್ಲಿನಲ್ಲಿ ಹಾರುತ್ತಿದ್ದಾಗ ವಿಮಾನವು ಗಿರಕಿಗೆ ಬಿದ್ದಿತು. ಮೂತಿಯನ್ನು ಎತ್ತಲು ಎಳೆದದ್ದೂ, ಗಿರಕಿಯ ಕಡೆಗೇ ಚುಕ್ಕಾಣಿಯನ್ನು ಒತ್ತಿದ್ದೂ ಫಲಿಸದೆ, ನೆಲವು ಹತ್ತಿರವಾದಾಗ ಅವನು ಚುಕ್ಕಾಣಿಯನ್ನು ಎದುರು ದಿಕ್ಕಿಗೆ ಪೂರ್ತಿಯಾಗಿ ಒತ್ತಿದನು. ವಿಮಾನವು ಗಿರಕಿಯನ್ನು ಬಿಟ್ಟು ನೆಟ್ಟಗಾಯಿತು. ಜನರು ನೋಡುತ್ತಿದ್ದ ಈ ಘಟನೆಯನ್ನು ತಜ್ಞರು ಒಡನೆಯೇ ವಿಚಾರಿಸಿ ಬರೆದಿಟ್ಟರು. ೧೯೧೭ರಲ್ಲಿ ಫಾರ್ನ್‌ಬರೋದಲ್ಲಿ ಎಫ್. ಎ. ಲಿಂಡೆಮನ್ ಎಂಬ ಭೌತವಿಜ್ಞಾನಿಯು ತಾನೇ ವಿಮಾನವನ್ನು ನಡಸುತ್ತ ಬೇಕೆಂದೇ ಗಿರಕಿ ಹೊಡೆಸಿ, ಅಳತೆಗಳನ್ನು ತೆಗೆದುಕೊಂಡು, ಅದರ ಕಾರಣಗಳನ್ನು ವಿವರಿಸಿದನು. ಇಂಜಿನನ್ನು ತಗ್ಗಿಸಿ, ಗಿರಕಿಗೆ ಎದುರಾಗಿ ಚುಕ್ಕಾಣಿಯನ್ನು ಒತ್ತಿ, ಬಳಿಕ ಹಿಡಿಯನ್ನು ಮುಂದಕ್ಕೆ ನೂಕಬೇಕೆಂಬ ಪಾಠವು ಅಂದಿನಿಂದ ಶಿಕ್ಷಣದ ಅಂಗವಾಗಿ ಬಂದಿದೆ.

ಆದರೆ ಎಲ್ಲ ವಿಮಾನಗಳೂ ಈ ಪಾಠಕ್ಕೆ ಒಂದೇ ತೆರನಾಗಿ ಓಗೊಡುವುದಿಲ್ಲ. ಗಿರಕಿಯಲ್ಲಿ ಗಾಳಿಯು ಕೆಳಗಿನಿಂದ ಮೇಲಕ್ಕೆ ಬೀಸುವುದರಿಂದ ಒಡಲು ಮತ್ತು ಅಡ್ಡ ಬಾಲಗಳು ಚುಕ್ಕಾಣಿಗೆ ಮರೆಯಾಗಬಹುದು. ಬಿರುಗಾಳಿಯಲ್ಲಿ ಗೋಡೆಯ ಮರೆಗೆ ನಿಂತವನಿಗೆ ಗಾಳಿಯು ತಟ್ಟದಿರುವಂತೆ, ಮರೆಯಲ್ಲಿ ಸಿಕ್ಕಿದ ಚುಕ್ಕಾಣಿಗೆ ಬಲವಿರುವುದಿಲ್ಲ. ಬಾಲವು ಎಲ್ಲಿ ನಿಂತಿದೆ, ಚುಕ್ಕಾಣಿಯು ಎಷ್ಟು ಅಗಲವಾಗಿದೆ, ಅದರ ಎಷ್ಟು ಭಾಗವು ಮರೆಯಿಂದ ಹೊರಗಿದೆ ಎಂಬುದರ ಮೇಲೆ ವೈಮಾನಿಕನ ಜೀವವು ನಿಂತಿರುವುದು.

೪

ಇಂಥ ಅಪಾಯದ ವಿದ್ಯೆಯನ್ನು ನೆಲದ ಮೇಲೆಯೇ ಕಲಿಸಲು ಸಾಧ್ಯವಾದರೆ ಎಷ್ಟು ಮೇಲು ಎಂಬ ಆಲೋಚನೆಯು ವಿಮಾನದಷ್ಟೇ ಹಳೆಯದು. ೧೯೧೦ರ ಸುಮಾರಿಗೆ ಫ್ರಾನ್ಸಿನಲ್ಲಿ ಅರೆಪೀಪಾಯಿಗಳನ್ನು ಒಂದರ ಮೇಲೊಂದು ಇರಿಸಿ, ಶಿಷ್ಯನನ್ನು ಅದರಲ್ಲಿ ಕೂಡಿಸಿ, ಹೊರಗಿನಿಂದ ಅಲುಗಿಸಿ ಅಭ್ಯಾಸ ಮಾಡಿಸುತ್ತಿದ್ದರು. ಈ ಆಲೋಚನೆಗೆ ಸಮರ್ಥವಾದ ರೂಪವನ್ನು ಕೊಟ್ಟವನು ಅಮೆರಿಕದ ಬಿಂಗ್‌ಹ್ಯಾಮ್‌ಟನ್ ಊರಿನ ಎಡ್ವಿನ್ ಲಿಂಕ್. ಅವನ ತಂದೆಯದು ಪಿಯಾನೋ ಮತ್ತು ಆರ್ಗನ್ ವಾದ್ಯಗಳನ್ನು ಮಾಡುವ ಕಾರ್ಖಾನೆ. ಹಾರ್ಮೋನಿಯಮ್ಮಿನಲ್ಲಿ ಕಾಣುವಂಥ ತಿದಿಗಳನ್ನೂ, ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಕವಾಟಗಳನ್ನೂ ಬಳಸಿ ಅವನು ೧೯೨೯ರ ವೇಳೆಗೆ ವಿಮಾನದ ಆಕಾರದ ಒಂದು ಪುಟ್ಟ ಪೆಟ್ಟಿಗೆಯನ್ನು ಸಿದ್ಧಪಡಿಸಿದನು. ಹಿಡಿಯನ್ನು ಆಡಿಸಿದರೆ ತಿದಿಗಳು ಉಬ್ಬಿ ತಗ್ಗಿ ಪೆಟ್ಟಿಗೆಯು ವಾಲುತ್ತಿದ್ದಿತು. ಪಾದದ ಪೆಡಲನ್ನು ಒತ್ತಿದರೆ ಗಾಳಿಯಿಂದ ನಡೆಯುವ ಮೋಟಾರು ಅದನ್ನು ಸುತ್ತ ತಿರುಗಿಸುತ್ತಿದ್ದಿತು. ಮೊದಲು ಇದನ್ನು ಕೊಂಡವರಲ್ಲಿ ಹೆಚ್ಚಿನವರು ಜಾತ್ರೆಯಂಥ ವಿನೋದಸ್ಥಳಗಳವರು. ೧೯೩೪ರಲ್ಲಿ ಅಮೆರಿಕದ ಸೈನ್ಯದ ವಾಯುದಳವು ಅಂಚೆಯನ್ನು ಸಾಗಿಸುವ ಭಾರವನ್ನು ಹೊತ್ತು, ಮೋಡ ಮಂಜುಗಳಲ್ಲಿ ಅನೇಕ ವೈಮಾನಿಕರನ್ನು ಕಳೆದುಕೊಂಡ ಮೇಲೆ ಆರು ಯಂತ್ರಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ಲಕ್ಷಾಂತರ ವೈಮಾನಿಕರು ಈ ಪೆಟ್ಟಿಗೆಯಲ್ಲಿ ಕುಳಿತು ಕಲಿತರು.

ಮೋಡದೊಳಗೆ ಮಾಪಕಗಳನ್ನು ನಂಬಿ ಹಾರುವುದನ್ನು ಕಲಿಸಲು ಲಿಂಕನ ಯಂತ್ರವು ಸಾಕಾಗಿದ್ದಿತು. ಆದರೆ ಅದರ ಚಲನೆಯು ಗಾಳಿಯ ಬಲಗಳ ಲೆಕ್ಕದಿಂದ ಬಂದುದಲ್ಲ, ತಿದಿಗಳ ಹೊಂದಾಣಿಕೆಯಿಂದ ಬಂದುದು. ಲೆಕ್ಕದ ಸೂತ್ರಗಳು ಆ ವೇಳೆಗೆ ಇಲ್ಲದೆ ಇರಲಿಲ್ಲ, ಜಿ. ಎಚ್. ಬ್ರಯನ್ ಎಂಬ ಆಂಗ್ಲ ಗಣಿತಜ್ಞನು ವಿಮಾನದ ಚಲನೆಯ ಸಮೀಕರಣಗಳನ್ನು ೧೯೧೧ರಲ್ಲಿಯೇ ಗ್ರಂಥರೂಪದಲ್ಲಿ ಪ್ರಕಟಿಸಿದ್ದನು. ಇಷ್ಟು ವೇಗದಲ್ಲಿ, ಇಷ್ಟು ಓರೆಯಾಗಿ ಬರುವ ಗಾಳಿಯಲ್ಲಿ, ಚುಕ್ಕಾಣಿಯನ್ನು ಇಷ್ಟು ತಿರುಗಿಸಿದರೆ ಮೂತಿಯು ಎಷ್ಟು ಬೇಗ ಹೊರಳುವುದು, ಅದರೊಡನೆ ರೆಕ್ಕೆಯು ಎಷ್ಟು ವಾಲುವುದು ಎಂಬುದು ಆ ಸಮೀಕರಣಗಳಿಂದ ಹೊರಡತಕ್ಕದ್ದು. ಕೊರತೆಯಾಗಿದ್ದುದು ಅವನ್ನು ವೈಮಾನಿಕನ ಕೈ ಆಡುವಷ್ಟೇ ವೇಗವಾಗಿ ಬಿಡಿಸುವ ಸಾಧನವು. ೧೯೪೪ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಇಂಥ ಅನುಕರಣಕ್ಕೆಂದೇ ಆರಂಭವಾದ ಒಂದು ಯೋಜನೆಯು ಮುಂದೆ ಬೆಳೆದು ವರ್ಲ್‌ವಿಂಡ್ ಎಂಬ ಪ್ರಸಿದ್ಧ ಗಣಕಯಂತ್ರವಾಯಿತು. ಗಣಕಯಂತ್ರದ ಚರಿತ್ರೆಯ ಒಂದು ಕವಲು ಹೀಗೆ ವಿಮಾನದ ಅನುಕರಣದಿಂದಲೇ ಒಡೆದಿದೆ.

ಅನುಕರಣ ಎಂಬ ಮಾತು ಕಾವ್ಯಮೀಮಾಂಸೆಯ ಅಭ್ಯಾಸಿಗಳಿಗೆ ಹೊಸದಲ್ಲ. ರಸವು ಸ್ಥಾಯಿಭಾವದ ಅನುಕರಣವೆಂದು ಶ್ರೀಶಂಕುಕನು ಪ್ರತಿಪಾದಿಸಿದನು; ನಟನಲ್ಲಿ ರಾಮನನ್ನು ಕಾಣುವುದು ಚಿತ್ರದಲ್ಲಿ ಕುದುರೆಯನ್ನು ಕಂಡಂತೆ ಎಂದನು. ಅಭಿನವಗುಪ್ತನ ಗುರುವಾದ ಭಟ್ಟತೌತನು ಈ ಪಕ್ಷವನ್ನು ಖಂಡಿಸಿದನು. ಆ ವಾದದ ನಿರ್ಣಯವು ಏನೇ ಇರಲಿ, ಚಿತ್ರದ ಕುದುರೆಯು ಕುದುರೆಯೆಂದು ತೋರಿದರೆ ಸಾಕು; ಅದನ್ನು ಯಾರೂ ಏರಬೇಕಾಗಿಲ್ಲ. ಹಾರಾಟದ ಅನುಕರಣ ಯಂತ್ರವಾದರೋ, ಎಂದರೆ ಸಿಮ್ಯುಲೇಟರಾದರೋ, ಏರಿ ಸವಾರಿ ಕಲಿಯಬೇಕಾದ ಚಿತ್ರದ ಕುದುರೆ. ಅದರ ಮೇಲೆ ಕಲಿತ ಅಭ್ಯಾಸವನ್ನು ಮರುದಿನ ನಿಜವಾದ ಕುದುರೆಯ ಮೇಲೆ ಪ್ರಯೋಗಿಸತಕ್ಕದ್ದಿದೆ. ಆದುದರಿಂದ ಇಲ್ಲಿ ಹೋಲಿಕೆಯು ಎಷ್ಟರ ಮಟ್ಟಿನದು ಎಂಬ ಪ್ರಶ್ನೆಯು ಕೇವಲ ಶಾಸ್ತ್ರಜಿಜ್ಞಾಸೆಯಲ್ಲ.

೫

ಕರ್ನಾಟಕದಲ್ಲಿ ಈ ವಿದ್ಯೆಯು ನೆಲೆಯೂರಿದ್ದು ೧೯೪೦ರ ದಶಂಬರದಲ್ಲಿ. ವಾಲಚಂದ ಹೀರಾಚಂದರ ಸಾಹಸಕ್ಕೆ ಮೈಸೂರು ಸಂಸ್ಥಾನದ ನೆರವು ಸೇರಿ ಬೆಂಗಳೂರಿನಲ್ಲಿ ಹಿಂದುಸ್ಥಾನ್ ವಿಮಾನ ಕಾರ್ಖಾನೆಯು ಸ್ಥಾಪಿತವಾಯಿತು. ೧೯೪೨ರಲ್ಲಿ ಅಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರದ ವಿಭಾಗವು ಆರಂಭವಾಯಿತು. ಈ ಎರಡು ಸಂಸ್ಥೆಗಳಿಗೂ ಸಂಬಂಧಪಟ್ಟವರು ಡಾಕ್ಟರ್ ವಿಷ್ಣು ಮಾಧವ ಘಾಟಗೆಯವರು. ಕನ್ನಡ ಮರಾಠಿಗಳು ಕೂಡುವ ಕೊಲ್ಹಾಪುರದ ಸೀಮೆಯಲ್ಲಿ ೧೯೦೮ರಲ್ಲಿ ಹುಟ್ಟಿದ ಇವರು ಜರ್ಮನಿಯ ಗಟಿಂಗನ್ನಿನಲ್ಲಿ ಲುಡ್ವಿಗ್ ಪ್ರಾಂಟಲ್ಲನ ಶಿಷ್ಯರಾಗಿ ಡಾಕ್ಟರೇಟ್ ಪಡೆದು ಬಂದವರು. ಇವರ ನೇತೃತ್ವದಲ್ಲಿ ರಚಿತವಾದ ಎಚ್.ಟಿ.-೨ ಎಂಬ ಶಿಕ್ಷಣವಿಮಾನವು ೧೯೫೧ರ ಆಗಸ್ಟಿನಲ್ಲಿ ಮೊದಲ ಸಲ ಹಾರಿತು.

ಎಚ್.ಟಿ.-೨ರ ಎರಡು ಗಾಲಿಗಳು ಮುಂದೆ. ಮೂರನೆಯದಾದ ಪುಟ್ಟ ಗಾಲಿಯು ಬಾಲದ ಕೆಳಗೆ. ಇಂಥ ವಿಮಾನದ ಭಾರವು ಮುಂದಿನ ಗಾಲಿಗಳಿಗಿಂತ ಹಿಂದೆ ಬೀಳುವುದರಿಂದ, ನೆಲದ ಮೇಲೆ ಓಡುವಾಗ ಮೂತಿಯು ಒಂದಿಷ್ಟು ಸರಿದರೆ ಬಾಲವು ಮುಂದಕ್ಕೆ ಬರಲು ಹವಣಿಸುವುದು. ಪ್ರೊಪೆಲರು ಎಸೆಯುವ ಸುರುಳಿಗಾಳಿಯೂ ನಿಂತ ಬಾಲದ ಒಂದೇ ಪಕ್ಕಕ್ಕೆ ಹೆಚ್ಚಾಗಿ ಬಡಿಯುವುದು. ಇವೆರಡನ್ನೂ ಶಿಷ್ಯನು ಪಾದಗಳಿಂದ ಕ್ಷಣಕ್ಷಣಕ್ಕೆ ಸರಿಪಡಿಸಬೇಕು. ವಾಯುದಳದಲ್ಲಿಯೂ ಹಾರಾಟದ ಸಂಘಗಳಲ್ಲಿಯೂ ಈ ವಿಮಾನದ ಮೇಲೆ ಕಲಿತವರಿಗೆ ಚುಕ್ಕಾಣಿಯ ಪಾಠವು ಓಡುದಾರಿಯ ಮೇಲೆಯೇ ಆರಂಭವಾಗುತ್ತಿದ್ದಿತು.

ಜರ್ಮನಿಯ ಪ್ರಸಿದ್ಧ ವಿಮಾನಶಿಲ್ಪಿ ಕುರ್ಟ್ ಟಾಂಕನು ೧೯೫೬ರಲ್ಲಿ ಬೆಂಗಳೂರಿಗೆ ಬಂದು ಎಚ್.ಎಫ್.-೨೪ ಎಂಬ ಜೆಟ್ ಯುದ್ಧವಿಮಾನದ ರಚನೆಯನ್ನು ಕೈಕೊಂಡನು. ಅದರ ನಡತೆಯನ್ನು ಮುಂಚಿತವಾಗಿ ಲೆಕ್ಕ ಹಾಕಿ ತೋರಿಸಬಲ್ಲ ಗಣಕಯಂತ್ರಗಳು ಆಗ ಬೆಂಗಳೂರಿನಲ್ಲಿರಲಿಲ್ಲ. ಆದಕಾರಣ ಅದೇ ಅಳತೆ, ಅದೇ ಆಕಾರದ ಮರದ ಗ್ಲೈಡರೊಂದನ್ನು ಕಟ್ಟಿ, ೧೯೫೯ರಲ್ಲಿ ಡಕೋಟಾ ವಿಮಾನಕ್ಕೆ ಹಗ್ಗದಿಂದ ಬಿಗಿದು ಮೇಲಕ್ಕೆ ಎಳೆದೊಯ್ದು ಬಿಡಲಾಯಿತು. ಇಂಜಿನಿಲ್ಲದೆ ಜಾರುತ್ತ ಇಳಿಯುವ ಆ ಮರದ ವಿಮಾನದಲ್ಲಿ ರೆಕ್ಕೆ ಬಾಲಗಳ ನಡತೆಯನ್ನು ಪರೀಕ್ಷಿಸಿದರು. ಇದೂ ಒಂದು ಅನುಕರಣವೇ. ಆದರೆ ಇಲ್ಲಿ ಗಾಳಿಯು ನಿಜವಾದುದು, ಅನುಕೃತವಾದುದು ವಿಮಾನ ಮಾತ್ರ. ೧೯೬೧ನೆಯ ಜೂನ್ ತಿಂಗಳಿನಲ್ಲಿ ಸುರಂಜನ ದಾಸರು ನಿಜವಾದ ಎಚ್.ಎಫ್.-೨೪ನ್ನು ಹಾರಿಸಿದರು. ಅದೇ ವಿಮಾನದ ಒಂದು ಪರಿಷ್ಕೃತ ರೂಪವನ್ನು ಪರೀಕ್ಷಿಸುತ್ತ ಅವರು ೧೯೭೦ನೆಯ ಜನವರಿ ೧೦ರಂದು ಬೆಂಗಳೂರಿನಲ್ಲಿ ಮೃತರಾದರು. ಪರೀಕ್ಷಾವೈಮಾನಿಕನು ತೆರುವ ಬೆಲೆಯು ಏನೆಂಬುದು ಇದರಿಂದ ವಿದಿತವಾಗುವುದು.

೬

ಮುಂದಿನ ತಲೆಮಾರಿನ ವಿಮಾನಕ್ಕೆ ಮರದ ಗ್ಲೈಡರು ಸಾಲುವಂತಿರಲಿಲ್ಲ. ಈಗ ತೇಜಸ್ ಎಂದು ಹೆಸರಾದ ಲಘು ಯುದ್ಧವಿಮಾನಕ್ಕೆ ಅಡ್ಡ ಬಾಲವಿಲ್ಲ; ಚುರುಕಾಗಿ ತಿರುಗಲೆಂದು ಅದನ್ನು ಬೇಕೆಂದೇ ಅಸ್ಥಿರವಾಗಿ ರಚಿಸಲಾಗಿದೆ. ಅಂಗೈಯ ಮೇಲೆ ನಿಲ್ಲಿಸಿದ ಕೋಲಿನಂತೆ ಅದು ಎಡೆಬಿಡದೆ ಬೀಳಲು ನೋಡುತ್ತಿರುವುದು. ಮನುಷ್ಯನ ಕೈಗೆ ಸಾಧ್ಯವಿಲ್ಲದಷ್ಟು ವೇಗವಾಗಿ ಗಣಕಯಂತ್ರವು ಅದನ್ನು ಸರಿಪಡಿಸುತ್ತಿರಬೇಕು. ಇಲ್ಲಿ ಪೆಡಲಿಗೂ ಚುಕ್ಕಾಣಿಗೂ ನೇರವಾದ ತಂತಿಯ ಸಂಬಂಧವಿಲ್ಲ. ವೈಮಾನಿಕನು ಕೇಳಿಕೊಳ್ಳುತ್ತಾನೆ, ಎಷ್ಟು ತಿರುಗಬೇಕೆಂಬುದನ್ನು ಗಣಕಯಂತ್ರದಲ್ಲಿ ಬರೆದಿಟ್ಟ ನಿಯಂತ್ರಣಸೂತ್ರಗಳು ನಿರ್ಧರಿಸುತ್ತವೆ.

ಈ ಸೂತ್ರಗಳನ್ನು ರಚಿಸಲು ೧೯೯೨ರಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ಮುಂದಾಳುತನದಲ್ಲಿ ಒಂದು ತಂಡವು ಏರ್ಪಟ್ಟಿತು. ಆಗ ಪ್ರಯೋಗಾಲಯದ ನಿರ್ದೇಶಕರಾಗಿದ್ದವರು ಪ್ರೊಫೆಸರ್ ರೊದ್ದಂ ನರಸಿಂಹ. ಕನ್ನಡದಲ್ಲಿ ವಿಜ್ಞಾನಗ್ರಂಥಗಳನ್ನು ಬರೆದ ಆರ್. ಎಲ್. ನರಸಿಂಹಯ್ಯನವರ ಪುತ್ರರು. ಸೂತ್ರಗಳನ್ನು ಪರೀಕ್ಷಿಸಲು ನೆಲದ ಮೇಲಿನ ಅನುಕರಣ ಯಂತ್ರಗಳಲ್ಲಿ ವೈಮಾನಿಕರನ್ನು ಕೂಡಿಸಿ ಹಾರಿಸಿ ನೋಡಿದರು. ೧೯೫೯ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವೈಮಾನಿಕ ಅಭಿವೃದ್ಧಿ ಸಂಸ್ಥೆಯು ಇಂಥ ಯಂತ್ರಗಳ ನಿರ್ಮಾಣದಲ್ಲಿ ಪರಿಣತಿ ಪಡೆದುದಾಗಿದ್ದಿತು. ಅಷ್ಟಕ್ಕೇ ತೃಪ್ತರಾಗದೆ, ತನ್ನ ಗುಣವನ್ನು ಬದಲಿಸಿಕೊಂಡು ಬೇರೊಂದು ವಿಮಾನದಂತೆ ಹಾರಬಲ್ಲ ಅಮೆರಿಕದ ಒಂದು ಎಫ್-೧೬ ವಿಮಾನದಲ್ಲಿ ಈ ಸೂತ್ರಗಳನ್ನು ಅಳವಡಿಸಿ ನಿಜವಾದ ಆಕಾಶದಲ್ಲಿಯೂ ಪರೀಕ್ಷಿಸಿದರು. ೧೯೯೮ರಲ್ಲಿ ಪೋಖರಣಿನ ಅಣುಪರೀಕ್ಷೆಗಳ ತರುವಾಯ ಅಮೆರಿಕದ ನೆರವು ನಿಂತಿತು. ಉಳಿದ ಕೆಲಸವನ್ನು ಇಲ್ಲಿಯವರೇ ಮುಗಿಸಿದರು. ೨೦೦೧ನೆಯ ಜನವರಿ ೪ರಂದು ರಾಜೀವ್ ಕೋಠಿಯಾಲರು ಮೊದಲ ವಿಮಾನವನ್ನು ಬೆಂಗಳೂರಿನಲ್ಲಿ ಹಾರಿಸಿ ಕ್ಷೇಮವಾಗಿ ಇಳಿಸಿದರು. ಅಸ್ಥಿರವಾದ ವಿಮಾನವನ್ನು ಹಾರಿಸುವ ಮೊದಲೇ ಅನುಕರಣದಲ್ಲಿ ಪಳಗಿಸಿದುದು ಇಲ್ಲಿ ಸಾರ್ಥಕವಾಯಿತು.

೭

ಬೆಂಗಳೂರಿನಲ್ಲಿ ಅನುಕರಣವು ಹೀಗೆ ಗೆದ್ದ ವರ್ಷದಲ್ಲಿಯೇ ನ್ಯೂಯಾರ್ಕಿನಲ್ಲಿ ಅದರ ಇನ್ನೊಂದು ಮುಖವು ಕಾಣಿಸಿಕೊಂಡಿತು. ೨೦೦೧ನೆಯ ನವೆಂಬರ ೧೨ರಂದು ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯ ೫೮೭ನೆಯ ಸಂಖ್ಯೆಯ ಏರ್‌ಬಸ್ ಎ-೩೦೦ ವಿಮಾನವು ನೆಲವನ್ನು ಬಿಟ್ಟ ಸ್ವಲ್ಪ ಹೊತ್ತಿನಲ್ಲಿಯೇ, ಮುಂದೆ ಹೋಗಿದ್ದ ದೊಡ್ಡ ವಿಮಾನವು ಹಿಂದೆ ಬಿಟ್ಟ ಗಾಳಿಯ ಸುಳಿಗೆ ಸಿಕ್ಕಿ ಅಲುಗಿತು. ಸಹಚಾಲಕನು ಚುಕ್ಕಾಣಿಯನ್ನು ಒಂದು ಕಡೆಗೂ ಮತ್ತೆ ಎದುರು ಕಡೆಗೂ ಪೂರ್ತಿಯಾಗಿ, ಮೇಲಿಂದ ಮೇಲೆ ಒತ್ತಿದನು. ಮೂತಿಯು ಒಂದು ಕಡೆಗೆ ಹೊರಳಿರುವಾಗಲೇ ಚುಕ್ಕಾಣಿಯು ಎದುರು ಕಡೆಗೆ ಹೊರಳಿದ್ದರಿಂದ ಎರಡು ಬಲಗಳೂ ಕೂಡಿ ನಿಂತ ಬಾಲದ ಮೇಲೆ ಅದು ತಾಳಲಾರದಷ್ಟು ಭಾರವು ಬಿದ್ದಿತು. ಬಾಲವು ಕಿತ್ತುಹೋಯಿತು. ವಿಮಾನದೊಳಗಿನ ೨೬೦ ಜನರೂ ನೆಲದ ಮೇಲಿದ್ದ ೫ ಜನರೂ ಮೃತರಾದರು.

ಅಮೆರಿಕದ ತನಿಖಾಮಂಡಲಿಯು ೨೦೦೪ರಲ್ಲಿ ಕೊಟ್ಟ ನಿರ್ಣಯದಲ್ಲಿ ಅನಗತ್ಯವಾದ, ಅತಿಯಾದ ಚುಕ್ಕಾಣಿಯ ಪ್ರಯೋಗವೇ ಮುಖ್ಯ ಕಾರಣವೆಂದು ಹೇಳಿ, ಅದಕ್ಕೆ ನೆರವಾದ ಎರಡು ಸಂಗತಿಗಳನ್ನು ಎತ್ತಿ ತೋರಿಸಿತು. ಮೊದಲನೆಯದು ಆ ವಿಮಾನದ ಚುಕ್ಕಾಣಿಯ ರಚನೆ. ೨೫೦ ನಾಟ್ ವೇಗದಲ್ಲಿ ಪೆಡಲು ಅಲುಗಲಾರಂಭಿಸಲು ಸುಮಾರು ೨೨ ಪೌಂಡು ಬಲವು ಬೇಕಾಗಿದ್ದರೆ, ಕೊನೆಯವರೆಗೆ ಹೋಗಲು ೩೨ ಪೌಂಡು ಸಾಕಾಗಿದ್ದಿತು. ಪೆಡಲಿನ ಒಟ್ಟು ಚಲನೆಯು ಒಂದು ಅಂಗುಲಕ್ಕಿಂತ ಸ್ವಲ್ಪವೇ ಹೆಚ್ಚು. ಅಲ್ಪವೆಂದು ಪಾದಕ್ಕೆ ತೋರಿದ ಒತ್ತು ಬಾಲದಲ್ಲಿ ಪೂರ್ಣವಾಗಿ ಪರಿಣಮಿಸುತ್ತಿದ್ದಿತು. ಎರಡನೆಯದು ಆ ಸಂಸ್ಥೆಯ ಶಿಕ್ಷಣಕ್ರಮದ ಕೆಲವು ಅಂಶಗಳು. ಸುಳಿಗೆ ಸಿಕ್ಕಿ ವಿಮಾನವು ಉರುಳುವುದನ್ನು ತೋರಿಸುವ ಒಂದು ಅಭ್ಯಾಸದಲ್ಲಿ, ವಿಮಾನವು ಬಹುವಾಗಿ ವಾಲುವವರೆಗೆ ಶಿಷ್ಯನ ಒತ್ತು ಫಲಿಸದಂತೆ ಅನುಕರಣ ಯಂತ್ರವನ್ನು ಏರ್ಪಡಿಸಲಾಗಿದ್ದಿತು. ಶಿಷ್ಯನಿಗೆ ಭಯವನ್ನು ಕಾಣಿಸಬೇಕೆಂಬ ಸದುದ್ದೇಶದಿಂದ ಮಾಡಿದ ಏರ್ಪಾಡು ಅದು. ಆದರೆ ಅದರಿಂದ ಸುಳಿಗಳು ಇರುವುದಕ್ಕಿಂತ ಭೀಕರವೆಂದೂ, ಚುಕ್ಕಾಣಿಯನ್ನು ಬಲವಾಗಿ ಬಳಸಬೇಕಾಗುವುದೆಂದೂ ತಪ್ಪು ತಿಳಿವಳಿಕೆಯು ಉಂಟಾಗಲು ಎಡೆಯಾಗಿರಬಹುದೆಂದು ಮಂಡಲಿಯು ಅಭಿಪ್ರಾಯಪಟ್ಟಿತು.

ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಏನನ್ನೂ ಕಲಿಸದ ಯಂತ್ರಕ್ಕಿಂತಲೂ ತಪ್ಪನ್ನು ಚೆನ್ನಾಗಿ ಕಲಿಸುವ ಯಂತ್ರವು ಹೆಚ್ಚು ಅಪಾಯಕರವೆಂಬುದು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯು ೨೦೧೪ರಲ್ಲಿ ಇಂಥ ಶಿಕ್ಷಣಕ್ಕಾಗಿಯೇ ಒಂದು ಕೈಪಿಡಿಯನ್ನು ಹೊರತಂದಿತು. ಯಾವ ಮಿತಿಯವರೆಗೆ ಅಳತೆಗಳ ಆಧಾರವಿದೆಯೋ ಅಲ್ಲಿಯವರೆಗೆ ಮಾತ್ರ ಯಂತ್ರವನ್ನು ನಂಬತಕ್ಕದ್ದೆಂಬ ಎಚ್ಚರಿಕೆಯು ಅಂದಿನಿಂದ ಬಲವಾಗಿದೆ.

೮

ಅಳತೆಗಳ ಆಧಾರವು ಎಲ್ಲಿ ಮುಗಿಯುವುದು ಎಂಬುದಕ್ಕೆ ಉತ್ತಮವಾದ ನಿದರ್ಶನವು ಮತ್ತೆ ಬೆಂಗಳೂರಿನಲ್ಲಿಯೇ ಇದೆ. ೧೯೬೪ರಲ್ಲಿ ಮೊದಲು ಹಾರಿದ ಕಿರಣ್ ಶಿಕ್ಷಣವಿಮಾನದ ಸ್ಥಾನವನ್ನು ತುಂಬಲೆಂದು ಹಿಂದುಸ್ಥಾನ್ ಕಾರ್ಖಾನೆಯು ಸಿತಾರಾ ಎಂಬ ಎಚ್.ಜೆ.ಟಿ.-೩೬ ವಿಮಾನವನ್ನು ರಚಿಸಿತು. ಅದು ೨೦೦೩ನೆಯ ಮಾರ್ಚ್ ೭ರಂದು ಹಾರಿತು. ಆದರೆ ಸ್ಟಾಲ್ ಮತ್ತು ಗಿರಕಿಗಳಲ್ಲಿ ಅದರ ನಡತೆಯು ಒಪ್ಪುವಂತಿರಲಿಲ್ಲ. ಶಿಷ್ಯರು ಗಿರಕಿಗೆ ಬಿದ್ದು ಏಳುವುದನ್ನು ಕಲಿಯಬೇಕಾದ ವಿಮಾನವೇ ಗಿರಕಿಯಿಂದ ನಂಬಿಕೆಯಾಗಿ ಏಳದಿದ್ದರೆ ಅದು ಶಿಕ್ಷಣಕ್ಕೆ ಒದಗಲಾರದು. ಈ ಒಂದು ದೋಷದಿಂದ ಯೋಜನೆಯು ವರ್ಷಗಟ್ಟಲೆ ನಿಂತುಹೋಯಿತು.

ಸಾಮಾನ್ಯ ಹಾರಾಟದಲ್ಲಿ ಗಾಳಿಯು ಮೈಗೆ ಅಂಟಿ ಸಾಗುವುದರಿಂದ ಲೆಕ್ಕವು ಸುಲಭ. ಗಿರಕಿಯಲ್ಲಿ ಅದು ಚದರಿ ಸುಳಿಯಾಗಿ ಒಡೆಯುವುದು. ವಾಯುಸುರಂಗದಲ್ಲಿ ಪರೀಕ್ಷಿಸುವ ಕಿರಿಯ ಮಾದರಿಯ ಸುತ್ತ ಗಾಳಿಯು ಚದರುವ ರೀತಿಯೂ ಹಿರಿಯ ವಿಮಾನದ ಸುತ್ತ ಚದರುವ ರೀತಿಯೂ ಯಾವಾಗಲೂ ಒಂದೇ ಆಗಿರುವುದಿಲ್ಲ. ಆದುದರಿಂದ ಅನುಕರಣ ಯಂತ್ರಕ್ಕೆ ಕೊಡುವ ಅಂಕೆಗಳು ಈ ಪ್ರದೇಶದಲ್ಲಿ ಊಹೆಗೆ ಹತ್ತಿರವಾದುವು. ಆ ಅಂಕೆಗಳನ್ನು ನಂಬಿದ ಯಂತ್ರದಲ್ಲಿ ಚುಕ್ಕಾಣಿಯು ಕೆಲಸ ಮಾಡಬಹುದು, ಆಕಾಶದಲ್ಲಿ ಮಾಡದಿರಬಹುದು.

ಕಾರ್ಖಾನೆಯವರು ಕಡೆಗೆ ಬಾಲವನ್ನೇ ಬದಲಿಸಿದರು. ನಿಂತ ಬಾಲವನ್ನು ಒಡಲಿನ ಮೇಲೆ ಇನ್ನೂ ಹಿಂದಕ್ಕೆ ಸರಿಸಿ ಚುಕ್ಕಾಣಿಯನ್ನು ಹಿಗ್ಗಿಸಿದರು. ಹೀಗೆ ಮಾರ್ಪಟ್ಟ ವಿಮಾನವು ೨೦೧೯ರ ಏಪ್ರಿಲಿನಲ್ಲಿ ಹಾರಿತು. ಗಿರಕಿಯ ಪರೀಕ್ಷೆಗಳು ೨೦೨೦ರ ನವೆಂಬರಿನಲ್ಲಿ ಆರಂಭವಾದುವು. ಎಲ್ಲಾದರೂ ಚುಕ್ಕಾಣಿಯು ಕೈಕೊಟ್ಟರೆ ವಿಮಾನವನ್ನು ಹಿಂದಿನಿಂದ ಎಳೆದು ನಿಲ್ಲಿಸಲು ಬಾಲಕ್ಕೆ ಒಂದು ಪ್ಯಾರಾಶೂಟನ್ನು ಕಟ್ಟಿಕೊಂಡು ವೈಮಾನಿಕರು ಬೇಕೆಂದೇ ಗಿರಕಿಗೆ ಬಿದ್ದರು. ೨೦೨೨ನೆಯ ಜನವರಿಯಲ್ಲಿ ಎಡಕ್ಕೂ ಬಲಕ್ಕೂ ಆರಾರು ಸುತ್ತು ಗಿರಕಿ ಹೊಡೆದು ವಿಮಾನವು ನೆಟ್ಟಗಾಗಿ ಬರುವುದನ್ನು ತೋರಿಸಿಕೊಟ್ಟರು. ಮೊದಲ ಹಾರಾಟದಿಂದ ಆ ದಿನದವರೆಗೆ ಸುಮಾರು ೧೯ ವರ್ಷಗಳು ಸಂದಿದ್ದುವು. ೧೯೧೭ರಲ್ಲಿ ಲಿಂಡೆಮನ್ನನು ಮಾಡಿದ ಕೆಲಸವನ್ನೇ, ಒಂದು ಶತಮಾನದ ಗಣಿತವೂ ಗಣಕಯಂತ್ರಗಳೂ ಬೆನ್ನಿಗಿರುವಾಗ, ಮತ್ತೊಮ್ಮೆ ಆಕಾಶದಲ್ಲಿಯೇ ಮಾಡಬೇಕಾಯಿತು.

ಅನುಕರಣವು ನಿರುಪಯುಕ್ತವೆಂದು ಇದರಿಂದ ತಿಳಿಯತಕ್ಕದ್ದಲ್ಲ. ತೇಜಸ್ಸಿನ ವೃತ್ತಾಂತವು ಇದಕ್ಕೆ ಸಾಕ್ಷಿ. ಯಂತ್ರವು ತಾನಾಗಿ ಏನನ್ನೂ ಅರಿಯದು. ಆಕಾಶದಲ್ಲಿ ಅಳೆದು ತಂದುದನ್ನು ಅದು ನೆನಪಿಟ್ಟುಕೊಂಡು ಒಪ್ಪಿಸುವುದು, ಅಷ್ಟೇ. ಅಳೆಯದೆ ಇದ್ದುದನ್ನು ಅದು ಒಪ್ಪಿಸಿದಾಗ ಅದರ ಮಾತಿಗೂ ಅಳೆದು ತಂದ ಮಾತಿಗೂ ಹೊರನೋಟಕ್ಕೆ ಭೇದವು ಕಾಣದು. ಅಪಾಯವು ಇರುವುದು ಇಲ್ಲಿ.

೯

ಚಡಚಣದ ಸೀಮೆಗೆ ಅನುಕರಣದ ಈ ಸಮಸ್ಯೆಯು ಬೇರೊಂದು ರೂಪದಲ್ಲಿ ಹಳೆಯದು. ಚಡಚಣದಲ್ಲಿ ಹುಟ್ಟಿದ ಸಿಂಪಿ ಲಿಂಗಣ್ಣನವರೂ ಹಲಸಂಗಿಯ ಮಧುರಚೆನ್ನರೂ ಅವರ ಗೆಳೆಯರೂ ಹೆಣ್ಣುಮಕ್ಕಳ ಬಾಯಿಂದ ಕೇಳಿ ಸಂಗ್ರಹಿಸಿದ ತ್ರಿಪದಿಗಳು ೧೯೩೧ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚಾದುವು. ಪುಸ್ತಕದಲ್ಲಿ ಮಾತು ಉಳಿಯಿತು. ಬೀಸುವ ಕಲ್ಲಿನ ಸುತ್ತಿಗೆ ಹೊಂದಿ ಏಳುತ್ತಿದ್ದ ಧಾಟಿಯನ್ನು ಅಕ್ಷರಗಳು ಹಿಡಿಯಲಾರವು. ಓದುವವನು ಇದನ್ನು ಅರಿತು ಓದಿದರೆ ಪುಸ್ತಕವು ಅಮೂಲ್ಯ ನಿಧಿ. ಹಾಡೆಂದರೆ ಅಚ್ಚಿನಲ್ಲಿ ಇರುವಷ್ಟೇ ಎಂದು ತಿಳಿದರೆ ಅದೇ ಪುಸ್ತಕವು ಭ್ರಮೆಗೆ ಕಾರಣ.

ಮನೆಯ ಗಣಕಯಂತ್ರದಲ್ಲಿ ಹಾರುವ ವಿಮಾನಕ್ಕೂ ಈ ಮಾತು ಸಲ್ಲುವುದು. ೧೯೮೨ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಫ್ಲೈಟ್ ಸಿಮ್ಯುಲೇಟರನ್ನು ಹೊರತಂದಂದಿನಿಂದ ಇಂಥ ತಂತ್ರಾಂಶಗಳು ಬಹಳವಾಗಿ ಸುಧಾರಿಸಿವೆ. ಆದರೆ ಆಡುವವರಲ್ಲಿ ಅನೇಕರ ಬಳಿ ಪೆಡಲುಗಳಿರುವುದಿಲ್ಲ. ಅವರ ಅನುಕೂಲಕ್ಕಾಗಿ, ವಾಲಿಸಿದೊಡನೆ ಚುಕ್ಕಾಣಿಯೂ ತಾನಾಗಿ ಹೊರಳುವ ಏರ್ಪಾಡನ್ನು ಇವುಗಳಲ್ಲಿ ಇರಿಸಿರುವುದುಂಟು. ಇದು ರೈಟ್ ಸಹೋದರರು ೧೯೦೨ರಲ್ಲಿ ತಂತಿಯಿಂದ ಬಿಗಿದು ೧೯೦೫ರಲ್ಲಿ ಬಿಚ್ಚಿಹಾಕಿದ ಏರ್ಪಾಡೇ ಆಗಿದೆ. ಇದರಲ್ಲಿ ಕಲಿತ ಹುಡುಗನಿಗೆ ದಿಕ್ಕು, ಎತ್ತರ, ಮಾಪಕಗಳ ಪರಿಚಯವು ಚೆನ್ನಾಗಿಯೇ ಆಗುವುದು. ಮೂತಿಯು ಹೊರಗಡೆಗೆ ಸರಿಯುವುದನ್ನು ಮಾತ್ರ ಅವನು ಕಾಣನು. ಅದನ್ನು ತಡೆಯಬೇಕಾದ ಪಾದಗಳು ಅವನಿಗೆ ಇವೆಯೆಂಬುದನ್ನೂ ಅರಿಯನು.

ಕನ್ನಡದ ನಿಘಂಟುಕಾರರಿಗೂ ಅಧ್ಯಾಪಕರಿಗೂ ಇದರಿಂದ ಒಂದು ಕರ್ತವ್ಯವು ಒದಗಿದೆ. ಚುಕ್ಕಾಣಿಗೆ ‘ಹಡಗನ್ನು ತಿರುಗಿಸುವ ಸಾಧನ’ ಎಂದು ಅರ್ಥವನ್ನು ಬರೆದು, ವಿಮಾನದ ಚುಕ್ಕಾಣಿಯನ್ನೂ ಅದರಲ್ಲಿಯೇ ಅಡಗಿಸಿದರೆ ಶಬ್ದವೇ ಓದುಗನಿಗೆ ಮೊದಲ ತಪ್ಪು ಪಾಠವನ್ನು ಕಲಿಸಿದಂತಾಗುವುದು. ವಿಮಾನದಲ್ಲಿ ಅದು ಮೂತಿಯನ್ನು ಗಾಳಿಗೆ ಎದುರಾಗಿ ನೆಟ್ಟಗೆ ಇರಿಸುವ, ಗಿರಕಿಯನ್ನು ನಿಲ್ಲಿಸುವ ಸಾಧನವೆಂದು ಬೇರೆಯಾಗಿ ಅರ್ಥವನ್ನು ಹೇಳುವುದು ಉಚಿತ. ಕಡಲಿನಿಂದ ಬಂದ ಈ ಶಬ್ದವು ಆಕಾಶಕ್ಕೆ ಏರಿ ನೂರು ವರ್ಷಗಳ ಮೇಲಾದುವು. ಅದರ ಎರಡನೆಯ ಅರ್ಥವು ಇನ್ನು ನಿಘಂಟನ್ನು ಸೇರಬೇಕಾಗಿದೆ.